ಅಪ್‌ಡೇಟ್: ಅಮ್ಮನ ವಾಯ್ಸ್ ಮೆಸೇಜ್‌ಗಳು ಸಿಕ್ಕಿವೆ

ತೀರಿಕೊಂಡ ಅಮ್ಮನ ವಾಟ್ಸಾಪ್ ವಾಯ್ಸ್ ಮೆಸೇಜ್ ಉಳಿಸಿಕೊಳ್ಳುವುದು ಹೇಗೆ, ಅವರ ಫೇಸ್‌ಬುಕ್ ಖಾತೆ ಏನು ಮಾಡುವುದು ಅಂತ ಕೇಳಿದ್ದೆ. ಎರಡೂ ಆಯಿತು. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಚಾಟನ್ನು ಫೈಲ್ ಆಗಿ ಹೊರಗೆ ಕಳಿಸಿಕೊಳ್ಳುವ ವಾಟ್ಸಾಪ್‌ನ 'ಎಕ್ಸ್‌ಪೋರ್ಟ್ ಚಾಟ್' ನಮಗೆ ಸಾಕಾಗಲಿಲ್ಲ. ಆಡಿಯೊ, ಫೋಟೊ ಸೇರಿಸಿದರೆ ಅದು ಇತ್ತೀಚಿನ 10,000 ಮೆಸೇಜ್ ಮಾತ್ರ ಕೊಡುತ್ತದೆ. ಹಳೆಯವು ಬಿಟ್ಟುಹೋದವು. ಕೈಹಿಡಿದದ್ದು ಇನ್ನೊಬ್ಬರ ಸಲಹೆ: ನನ್ನ ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರಿಗೆ ಜೋಡಿಸಿ 'ವಾಟ್ಸಾಪ್ ವಾಯ್ಸ್ ನೋಟ್ಸ್' ಫೋಲ್ಡರನ್ನೇ ಕಾಪಿ ಮಾಡಿಕೊಳ್ಳುವುದು. ಫೈಲ್ ಹೆಸರಲ್ಲಿ ತಾರೀಕು ಇರುತ್ತದೆ, ಕಳಿಸಿದವರ ಹೆಸರಿರುವುದಿಲ್ಲ. ಹಾಗಾಗಿ ತಂಗಿಯೂ ನಾನೂ ಕೂತು ಒಂದೊಂದೇ ಕೇಳಿದೆವು. "ಊಟ ಆಯ್ತೇನೋ" ಅಂತಲೇ ಎಷ್ಟೊಂದು! ತುಂಬಾ ಅತ್ತೆವು. ಆದರೂ ಆ ಕೆಲಸವನ್ನು ಬೇರೆಯವರಿಗೆ ಕೊಡಬೇಡಿ.

ಅಮ್ಮನ ವಾಟ್ಸಾಪ್ ಖಾತೆ ಉಳಿಯಲು ಅವರ ಸಿಮ್ ರೀಚಾರ್ಜ್ ಮಾಡಿಸುತ್ತಿದ್ದರೆ ಸಾಕು ಅಂತ ಕೆಲವರು ಅಂದಿದ್ದರು, ಅದು ಸಾಲದು. 120 ದಿನ ಬಳಸದಿದ್ದರೆ ವಾಟ್ಸಾಪ್ ಖಾತೆ ಸಾಮಾನ್ಯವಾಗಿ ಅಳಿಸಿಹೋಗುತ್ತದಂತೆ. ಇದು ನಮಗೆ ಗೊತ್ತೇ ಇರಲಿಲ್ಲ.

ಫೇಸ್‌ಬುಕ್‌ಗೆ ಮರಣ ಪ್ರಮಾಣಪತ್ರ ಕಳಿಸಿ ಅಮ್ಮನ ಖಾತೆಯನ್ನು ತೀರಿಕೊಂಡವರ ನೆನಪಿಗಾಗಿ ಇಡುವ 'ಸ್ಮರಣಾರ್ಥ ಖಾತೆ'ಯಾಗಿ ಬದಲಾಯಿಸಿದೆವು. ಈಗ ಹೆಸರಿನ ಜೊತೆ 'ರಿಮೆಂಬರಿಂಗ್' ಅಂತ ಬರುತ್ತದೆ. ಹುಟ್ಟುಹಬ್ಬದ ನೋಟಿಫಿಕೇಶನ್ ಇನ್ನು ಯಾರಿಗೂ ಹೋಗುವುದಿಲ್ಲ, ಅಪ್ಪನಿಗೆ ಅದೇ ದೊಡ್ಡ ಸಮಾಧಾನ. ಆಮೇಲೆ ಪಾಸ್‌ವರ್ಡ್ ಇದ್ದರೂ ಲಾಗಿನ್ ಆಗಲು ಬರುವುದಿಲ್ಲ. ಬೇಕಾದ ಫೋಟೊಗಳನ್ನು ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.