ಪದಚರ್ಚೆ: ‘ಆಡ್ಸ್’ಗೆ ಕನ್ನಡದಲ್ಲಿ ಏನು? ನಾಳೆ ಸಂಜೆ ಅಚ್ಚಿಗೆ ಹೋಗಬೇಕು

ಸ. ಪಾ., ಕಲಬುರಗಿ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಸಮಾಲೋಚನೆ ಕೇಂದ್ರಕ್ಕೆ ನಾಲ್ಕು ಪುಟದ ಕರಪತ್ರ ಅನುವಾದ ಮಾಡುತ್ತಿದ್ದೇನೆ. ಬೆಟ್ಟಿಂಗ್ ಚಟ ಹತ್ತಿದ ಹುಡುಗರ ಮನೆಯವರಿಗೆ ಕೊಡುವಂಥದ್ದು. ಮಗನ ಫೋನಿನಲ್ಲಿ ಒಂದು ಕಡೆ 3.50 ಅಂತ ಇರುತ್ತದೆ, ಇನ್ನೊಂದು ಕಡೆ 5/2, ಮತ್ತೊಂದು ಕಡೆ +250. ಮೂರೂ ಒಂದೇ ಮಾತು, ಬರೆಯುವ ರೀತಿ ಬೇರೆ ಅಷ್ಟೇ. ಇದು ಅವರ ತಾಯಿಗೋ ಅಣ್ಣನಿಗೋ ತಿಳಿಯಬೇಕು.

ಇದಕ್ಕೆ, ಅಂದರೆ ಹಾಕಿದ ದುಡ್ಡಿಗೆ ಗೆದ್ದರೆ ಎಷ್ಟು ಅನ್ನುವ ಲೆಕ್ಕಕ್ಕೆ, ಇಂಗ್ಲಿಷ್ ಮೂಲದಲ್ಲಿ ‘ಆಡ್ಸ್’ ಅನ್ನುವ ಪದ ಸಾಲಿಗೊಂದು ಸಲ ಬರುತ್ತದೆ. ನಾನು ಎಲ್ಲ ಕಡೆ ‘ಸಾಧ್ಯತೆ’ ಅಂತ ಹಾಕಿದ್ದೆ. ಈಗ ಓದಿ ನೋಡಿದರೆ ‘ಸಾಧ್ಯತೆ 3.50’ ಅಂದರೆ ಏನು ಅಂತ ನನಗೇ ತಿಳಿಯುತ್ತಿಲ್ಲ. 5/2 ಅನ್ನು ‘ಐದಕ್ಕೆ ಎರಡು’ ಅಂತ ಬರೆದಿದ್ದೇನೆ, ಅದು ಸರಿ ಅಲ್ವಾ? ದಯವಿಟ್ಟು ಒಂದು ಪದ ಹೇಳಿ. ನಾಳೆ ಸಂಜೆ ಪ್ರೆಸ್ಸಿನವರು ಕಾಯುತ್ತಿರುತ್ತಾರೆ.

ರಂ., ಶಿವಮೊಗ್ಗ:

‘ಪಂತ’ ಇದೆ. ಪಂತ ಕಟ್ಟುವುದು ಅಂತ ಊರೂರಲ್ಲಿ ಹೇಳುತ್ತಾರೆ. ‘ಪಂತದಳತೆ’ ಅಂತ ಮಾಡಿಕೊಳ್ಳಿ. ಬೆಟ್ಟಿಂಗ್ ಅನ್ನುವುದನ್ನೂ ತೆಗೆಯಿರಿ, ಅಲ್ಲೂ ಪಂತವೇ ಸಾಕು. ಒಂದು ವಿನಂತಿ: ‘ಪಂಥ’ ಅಂತ ಮಹಾಪ್ರಾಣ ಅಂಟಿಸಬೇಡಿ. ಪಂಥ ಅಂದರೆ ದಾರಿ, ಮತ. ಪತ್ರಿಕೆಗಳು ಎರಡನ್ನೂ ಕಲಸಿ ಹಾಳು ಮಾಡಿವೆ.

ನಾ., ಮೈಸೂರು:

‘ಪಂತದಳತೆ’ ಯಾರಿಗೂ ಅರ್ಥವಾಗುವುದಿಲ್ಲ. ಇದು ಅಳತೆಯೂ ಅಲ್ಲ.

ಮೇಡಂ, ‘ಸಾಧ್ಯತೆ’ ಬೇಡ ಅಂತ ನಿಮಗೆ ಅನಿಸಿದ್ದು ಸರಿಯಾಗಿದೆ. ಶಾಲೆಯ ಗಣಿತದಲ್ಲಿ ‘ಸಂಭವನೀಯತೆ’ ಅಂತ ಇದೆ. ಅದು 0ಯಿಂದ 1ರ ಒಳಗೇ ಇರಬೇಕು. 3.50 ಅದರೊಳಗೆ ಕೂರುವುದೇ ಇಲ್ಲ. ಆಡ್ಸ್ ಅಂದರೆ ಸೋಲಿನ ಪಾಲನ್ನು ಗೆಲುವಿನ ಪಾಲಿನ ಎದುರು ಇಡುವುದು. 5/2 ಅಂದರೆ ಏಳು ಪಾಲಿನಲ್ಲಿ ಐದು ಸೋಲು, ಎರಡು ಗೆಲುವು. ಸಂಭವನೀಯತೆ 2/7, ಅಂದರೆ ನೂರಕ್ಕೆ ಸುಮಾರು 28.6. ‘ಸೋಲು-ಗೆಲುವಿನ ಅನುಪಾತ’ ಅಂತ ಬರೆಯಿರಿ, ನಿಖರವಾಗಿರುತ್ತದೆ.

ಇನ್ನು ಯಾರಾದರೂ ‘ಬೆಸ’ ಅಂತ ಹೇಳುವ ಮೊದಲೇ ಹೇಳಿಬಿಡುತ್ತೇನೆ. ಇಂಗ್ಲಿಷಿನ ‘ಆಡ್’ ಬಂದದ್ದು ಹಳೆಯ ನಾರ್ಸ್ ಭಾಷೆಯ ‘ಒಡ್ಡಿ’ಯಿಂದ. ತ್ರಿಕೋನದ ಮೂರನೆಯ ಮೂಲೆ, ಜೊತೆಯಿಲ್ಲದೆ ಉಳಿದದ್ದು. ಅದರಿಂದ ಬೆಸ ಸಂಖ್ಯೆ, ಅಲ್ಲಿಂದ ಎರಡು ಕಡೆಯ ನಡುವಿನ ಹೆಚ್ಚುಕಮ್ಮಿ, ಅಲ್ಲಿಂದ ಜೂಜಿನ ಲೆಕ್ಕ. ನಮ್ಮ ‘ಬೆಸ’ ಆ ದಾರಿಯಲ್ಲಿ ಬಂದಿಲ್ಲ. ಎಳೆದು ತರಬೇಡಿ.

ರಂ., ಶಿವಮೊಗ್ಗ:

ಅನುಪಾತ ಮಾತ್ರ ಕಲಬುರಗಿಯ ತಾಯಂದಿರಿಗೆ ಅರ್ಥವಾಗುತ್ತದೆಯೇ? ‘ಪಾಲು’ ಅಂತ ನೀವೇ ಮೂರು ಸಲ ಬರೆದಿದ್ದೀರಿ. ನಿಮ್ಮ ಕೈಗೆ ಬಂದ ಮಾತು ಅದು. ಅದನ್ನೇ ಯಾಕೆ ಬರೆಯಬಾರದು?

ವೆಂ., ಬೆಂಗಳೂರು:

ಮೇಡಂ, ಪದ ಆಮೇಲೆ. ಮೊದಲು ‘ಐದಕ್ಕೆ ಎರಡು’ ತೆಗೆಯಿರಿ. ಅದು ತಲೆಕೆಳಗಾಗಿದೆ.

ರೇಸ್ ಕೋರ್ಸಿನ ಟೋಟ್ ಕೌಂಟರಿನಲ್ಲಿ, ಅಂದರೆ ಕುದುರೆಯ ಮೇಲೆ ದುಡ್ಡು ಹಾಕುವ ಕಿಟಕಿಯಲ್ಲಿ, ನಾನು ಹದಿನಾಲ್ಕು ವರ್ಷ ಟಿಕೆಟ್ ಕೊಟ್ಟಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಮೊದಲು ಬರುವುದು ಗೆಲ್ಲುವ ದುಡ್ಡು, ಆಮೇಲೆ ಹಾಕುವ ದುಡ್ಡು. ಬ್ರಿಟನ್ನಿನ 5/2 ಅಂದರೆ ಎರಡು ಹಾಕಿದರೆ ಐದು ಲಾಭ. ಕನ್ನಡದಲ್ಲಿ ‘ಕ್ಕೆ’ ಹತ್ತುವುದು ಕೈಯಿಂದ ಹೋಗುವ ದುಡ್ಡಿಗೆ. ಸಂತೆಯಲ್ಲಿ ಸೊಪ್ಪಿನವಳು ‘ಇಪ್ಪತ್ತಕ್ಕೆ ಮೂರು’ ಅಂತ ಕೂಗುತ್ತಾಳೆ. ಇಪ್ಪತ್ತು ನಾವು ಕೊಡುವುದು, ಮೂರು ಕಟ್ಟು ನಮಗೆ ಬರುವುದು. ಯಾರಿಗೂ ಅನುಮಾನ ಬರುವುದಿಲ್ಲ. ಹಾಗಾಗಿ 5/2 ಕನ್ನಡದಲ್ಲಿ ‘ಎರಡಕ್ಕೆ ಐದು’.

ನೀವು ಬರೆದ ‘ಐದಕ್ಕೆ ಎರಡು’ ಅಂದರೆ 2/5. ಅದು ಗೆಲ್ಲುತ್ತದೆ ಅಂತ ಎಲ್ಲರೂ ನಂಬಿದ ಫೇವರಿಟ್ ಕುದುರೆ. 5/2ರಲ್ಲಿ ಗೆಲುವಿನ ಸಾಧ್ಯತೆ ನೂರಕ್ಕೆ 28 ಚಿಲ್ಲರೆ, 2/5ರಲ್ಲಿ 71 ಚಿಲ್ಲರೆ. ಒಂದು ‘ಕ್ಕೆ’ ಆಚೀಚೆ ಆದರೆ ಇಷ್ಟು ವ್ಯತ್ಯಾಸ. ಈ ತಪ್ಪು ಅಚ್ಚಾದರೆ ಓದಿದವರಿಗೆ ಉಲ್ಟಾ ತಿಳಿಯುತ್ತದೆ.

ಅಮೆರಿಕದ ರೀತಿಗೂ ಇದೇ ‘ಕ್ಕೆ’ ಸಾಕು. +250 ಅಂದರೆ ನೂರಕ್ಕೆ ಇನ್ನೂರೈವತ್ತು. −250 ಅಂದರೆ ಇನ್ನೂರೈವತ್ತಕ್ಕೆ ನೂರು. ಕೂಡುವ ಗುರುತಿದ್ದರೆ ನೂರು ಮೊದಲು, ಕಳೆಯುವ ಗುರುತಿದ್ದರೆ ನೂರು ಕೊನೆಗೆ. ಆ ಗುರುತು ಕಂಡು ‘ಇನ್ನೂರೈವತ್ತು ನಷ್ಟ’ ಅಂದುಕೊಳ್ಳುವವರು ಬಹಳ. ಅದನ್ನು ಒಂದು ಸಾಲಿನಲ್ಲಿ ಬಿಡಿಸಿ ಹೇಳಿ.

ತೊಡಕು ಇರುವುದು 3.50ರಲ್ಲಿ. ಇದರಲ್ಲಿ ಹಾಕಿದ ರೂಪಾಯಿಯೂ ಸೇರಿದೆ. ಒಂದು ರೂಪಾಯಿ ಹಾಕಿದರೆ ಒಟ್ಟು ಮೂರೂವರೆ ಕೈಗೆ ಬರುತ್ತದೆ, ಲಾಭ ಎರಡೂವರೆ. ನಮ್ಮ ಟೋಟ್ ಕೂಡ ಇದೇ ರೀತಿ. ‘ವಿನ್ 35’ ಅಂತ ಬಂದರೆ ಹತ್ತು ರೂಪಾಯಿಗೆ ಒಟ್ಟು ಮೂವತ್ತೈದು. ಕಿಟಕಿಯ ಹತ್ತಿರ ಹೊಸಬರು ಟಿಕೆಟ್ ಹಿಡಿದು ನಿಂತು, ‘ನನ್ನ ಹತ್ತು ರೂಪಾಯಿ ಎಲ್ಲಿ ಸಾರ್, ನಲವತ್ತೈದು ಬರಬೇಕಲ್ಲ’ ಅಂತ ಕೇಳುತ್ತಿದ್ದರು. ಪಾಪ, ಅಸಲು ಬಿಟ್ಟು ಹೇಳುವ ಬುಕ್ಕಿಯ ಲೆಕ್ಕವನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬಂದಿರುತ್ತಿದ್ದರು. ಹಾಗಾಗಿ 3.50 ಬಂದಲ್ಲೆಲ್ಲ ‘ಒಂದಕ್ಕೆ ಮೂರೂವರೆ, ಅಸಲು ಸೇರಿ’ ಅಂತ ಬರೆಯಿರಿ. 5/2 ಬಂದಲ್ಲಿ ‘ಎರಡಕ್ಕೆ ಐದು, ಅಸಲು ಬಿಟ್ಟು’. ಪದಕ್ಕಿಂತ ಈ ಬಾಲವೇ ಮುಖ್ಯ.

ಕ್ರಿಕೆಟ್ ಬಲ್ಲವರಿಗೆ ಒಂದು ಉದಾಹರಣೆ. 1981ರ ಹೆಡಿಂಗ್ಲಿ ಟೆಸ್ಟ್. ಇಂಗ್ಲೆಂಡ್ ಫಾಲೋಆನ್ ಆಗಿತ್ತು. ಅದು ಗೆಲ್ಲುವುದಕ್ಕೆ 500/1 ಅಂತ ಸ್ಕೋರ್‌ಬೋರ್ಡಿನಲ್ಲಿ ತೋರಿಸಿದರು. ಆಸ್ಟ್ರೇಲಿಯಾದ ಡೆನ್ನಿಸ್ ಲಿಲ್ಲಿ ಹತ್ತು ಪೌಂಡ್, ರಾಡ್ ಮಾರ್ಷ್ ಐದು ಪೌಂಡ್ ಎದುರಾಳಿಯ ಮೇಲೆ ಹಾಕಿದರು. ಬೋಥಮ್ ಔಟಾಗದೆ 149 ಹೊಡೆದ, ವಿಲ್ಲಿಸ್ 43 ರನ್ನಿಗೆ 8 ವಿಕೆಟ್ ತೆಗೆದ, ಇಂಗ್ಲೆಂಡ್ 18 ರನ್ನಿನಿಂದ ಗೆದ್ದಿತು. ಲೆಕ್ಕ ಹಾಕಿ: ಹದಿನೈದು ಪೌಂಡಿಗೆ 7,500 ಲಾಭ, ಅಸಲು ಸೇರಿದರೆ 7,515. ಅದೇ ದರವನ್ನು ಯುರೋಪಿನ ರೀತಿಯಲ್ಲಿ, ಅಂದರೆ 3.50ರ ಹಾಗೆ ಅಸಲು ಸೇರಿಸಿ, ಬರೆದರೆ 501.00, ಅಮೆರಿಕದ ರೀತಿಯಲ್ಲಿ +50000.

ರಂ., ಶಿವಮೊಗ್ಗ:

‘ಕ್ಕೆ’ ವಿಷಯ ಒಪ್ಪಿದೆ. ಚೆನ್ನಾಗಿ ಹೇಳಿದಿರಿ. ಆದರೆ ‘ಅಸಲು’ ಅರಬ್ಬಿ. ‘ದರ’ವೂ ಹೊರಗಿನದೇ. ಮನೆಯ ಮಾತು ಇರುವಾಗ ಸಾಲ ಯಾಕೆ? ‘ಹಾಕಿದ್ದು ಸೇರಿ’, ‘ಹಾಕಿದ್ದು ಬಿಟ್ಟು’ ಅನ್ನಿ.

ನಾ., ಮೈಸೂರು:

ಹಾಗೆ ಹುಡುಕುತ್ತ ಹೋದರೆ ಜೂಜಿನ ಮಾತಿನಲ್ಲಿ ಏನೂ ಉಳಿಯುವುದಿಲ್ಲ. ಬಾಜಿ ಪಾರಸಿ. ಜೂಜು ಬಂದದ್ದು ದ್ಯೂತದಿಂದ. ಪಣವೂ ಸಂಸ್ಕೃತದ್ದೇ.

ರಂ., ಶಿವಮೊಗ್ಗ:

ಪಣ ಸಂಸ್ಕೃತ ಅಂತ ಯಾರು ತೀರ್ಮಾನ ಮಾಡಿದ್ದು? ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪಣ ಹಣವಾಯಿತು. ತಮಿಳಿನಲ್ಲಿ ಇವತ್ತಿಗೂ ಪಣಮ್. ಜೂಜಿನಲ್ಲಿ ಇಟ್ಟದ್ದೇ ಹಣ. ಇದು ದ್ರಾವಿಡದಿಂದ ಸಂಸ್ಕೃತಕ್ಕೆ ಹೋಗಿರಬಾರದೇಕೆ?

ನಾ., ಮೈಸೂರು:

ಪಕಾರ ಹಕಾರವಾಗುವುದು ಕನ್ನಡದೊಳಗೆ ಆದ ಬದಲಾವಣೆ. ಹೊರಗಿನಿಂದ ಬಂದ ಪದವೂ ಮನೆಯೊಳಗೆ ಕೂತರೆ ಅದಕ್ಕೂ ಆಗುತ್ತದೆ. ಅದರಿಂದ ಮೂಲ ಸಾಬೀತಾಗುವುದಿಲ್ಲ. ಈ ಚರ್ಚೆಗೆ ಬೇರೆ ಎಳೆ ಶುರು ಮಾಡಿ. ಮೇಡಂಗೆ ನಾಳೆ ಸಂಜೆ ಬೇಕು.

ಸ. ಪಾ., ಕಲಬುರಗಿ:

ವೆಂ. ಸಾರ್, ನಿಮಗೆ ಎಷ್ಟು ಸಲ ಕೈಮುಗಿದರೂ ಸಾಲದು. ‘ಐದಕ್ಕೆ ಎರಡು’ ಆರು ಕಡೆ ಇತ್ತು. ಎಲ್ಲ ತಿದ್ದಿದೆ.

ಅಸಲಿನ ವಿಷಯ ಕೇಳಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ನಮ್ಮ ಕಡೆ ಮಟಕಾ ಜಾಸ್ತಿ. ಪೇಪರಿನಲ್ಲಿ ಪೊಲೀಸ್ ಸುದ್ದಿ ಬಂದಾಗಲೆಲ್ಲ ‘1 ರೂಪಾಯಿಗೆ 80 ರೂಪಾಯಿ’ ಅಂತ ಇರುತ್ತದೆ. ಕೇಂದ್ರಕ್ಕೆ ಬರುವ ಮನೆಯವರನ್ನು ಇವತ್ತು ಬೆಳಿಗ್ಗೆ ಕೇಳಿದೆ. 80 ಅಂದರೆ 80 ಅಷ್ಟೇ, ಕೊಟ್ಟ ರೂಪಾಯಿ ಬೇರೆ ವಾಪಸ್ ಬರುವುದಿಲ್ಲ ಅಂದರು. ಅಂದರೆ ಅಸಲು ಸೇರಿದ ಲೆಕ್ಕ. ಆದರೆ ಅದೇ ಮನೆಯಲ್ಲಿ ಸಾಲದ ಮಾತು ಬಂದಾಗ ‘ನೂರಕ್ಕೆ ಮೂರು’ ಅನ್ನುತ್ತಾರೆ. ಅಲ್ಲಿ ಅಸಲು ಸೇರಿಲ್ಲ, ಬರೀ ಬಡ್ಡಿ. ‘ಕ್ಕೆ’ ಒಂದೇ, ಲೆಕ್ಕ ಎರಡು. ಕೇಳುವವರು ಸಂದರ್ಭ ನೋಡಿ ತಿಳಿದುಕೊಳ್ಳುತ್ತಾರೆ. ಆದರೆ ಬೆಟ್ಟಿಂಗ್ ಆ್ಯಪ್ ಹೊಸದು, ಅಲ್ಲಿ ಸಂದರ್ಭ ಗೊತ್ತಿಲ್ಲ. ಹಾಗಾಗಿ ಬಾಲ ಬೇಕೇ ಬೇಕು.

ರಂ. ಸಾರ್, ಅಸಲು ಇಟ್ಟುಕೊಳ್ಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ. ಈ ಮನೆಗಳಲ್ಲಿ ‘ಅಸಲು ಎಷ್ಟು, ಬಡ್ಡಿ ಎಷ್ಟು’ ಅಂತ ದಿನಾ ಮಾತಾಡುತ್ತಾರೆ. ಮಗ ಮಾಡಿದ ಸಾಲವನ್ನು ತಾಯಿ ತೀರಿಸುತ್ತಿದ್ದಾಳೆ. ಆ ಪದ ಅವಳಿಗೆ ಹೊರಗಿನದಲ್ಲ.

ಮಟಕಾ ಜೋಡಿಯಲ್ಲಿ 00ಯಿಂದ 99ರವರೆಗೆ ನೂರು ಅಂಕಿ. ನೂರಕ್ಕೂ ಒಂದೊಂದು ರೂಪಾಯಿ ಹಾಕಿದರೆ ನೂರು ಹೋಗಿ 80 ಬರುತ್ತದೆ. ಕ್ರಿಕೆಟ್ ಆ್ಯಪಿನಲ್ಲಿ ಎರಡೂ ತಂಡಕ್ಕೆ 1.90 ಇದ್ದರೂ ಇದೇ ಕಥೆ. ಎರಡೂ ಕಡೆ ನೂರು ನೂರು ಹಾಕಿದರೆ ಇನ್ನೂರು ಹೋಗಿ 190 ಬರುತ್ತದೆ. ಹೀಗೆ ಮಧ್ಯೆ ಉಳಿಸಿಕೊಳ್ಳುವ ದುಡ್ಡಿಗೆ ಒಂದು ಪದ ಬೇಕು. ‘ಕಮಿಷನ್’ ಅಂತ ಬರೆದರೆ ಯಾರೋ ಕೆಲಸ ಮಾಡಿ ಕೂಲಿ ತೆಗೆದುಕೊಂಡ ಹಾಗೆ ಕೇಳುತ್ತದೆ.

ರಂ., ಶಿವಮೊಗ್ಗ:

ಬೇಜಾರಿಲ್ಲ ತಾಯಿ. ತೀರಿಸುವವರ ಮಾತು ತೀರಿಸುವವರದ್ದೇ.

ಕಮಿಷನ್ ಬೇಡ. ‘ಮುರುಕು’ ಹೇಗೆ? ಸಂಬಳದಲ್ಲಿ ಮುರಿದುಕೊಂಡರು ಅಂತೀವಲ್ಲ.

ವೆಂ., ಬೆಂಗಳೂರು:

ಮುರುಕು ಅಂದರೆ ಒಡೆದ ಚೂರು ಅಂತ ಓದಿಕೊಳ್ಳುತ್ತಾರೆ. ನಾಮಪದ ಮಾಡಲು ಹೋಗಬೇಡಿ. ಕ್ರಿಯಾಪದವಾಗಿಯೇ ಇರಲಿ: ‘ನೂರಕ್ಕೆ ಇಪ್ಪತ್ತು ಮುರಿದುಕೊಳ್ಳುತ್ತಾರೆ’, ‘ನೂರಕ್ಕೆ ಐದು ಮುರಿದುಕೊಳ್ಳುತ್ತಾರೆ’. ಇದಕ್ಕೆ ವಿವರಣೆಯೇ ಬೇಡ. ಆಡ್ಸ್‌ಗೂ ಅಷ್ಟೇ. ತಲೆಬರಹಕ್ಕೆ ಒಂದು ಪದ ಬೇಕು, ‘ಬೆಟ್ಟಿಂಗ್ ದರ’ ಇಡಿ, ಪೇಪರಿನಲ್ಲಿ ಅದೇ ಬರುತ್ತದೆ. ಒಳಗೆಲ್ಲ ‘ಇಷ್ಟಕ್ಕೆ ಇಷ್ಟು’ ಅಂತಲೇ ಹೋಗಲಿ.

ನಾ., ಮೈಸೂರು:

‘ದರ’ ಅನುಪಾತವಲ್ಲ ಅಂತ ನನ್ನ ಆಕ್ಷೇಪಣೆ ಇದ್ದೇ ಇದೆ. ಆದರೆ ಕೋಷ್ಟಕ ತಪ್ಪಿಲ್ಲದೆ ಇರಬೇಕು. ಅಚ್ಚಿಗೆ ಕೊಡುವ ಮೊದಲು ಇಲ್ಲಿ ಹಾಕಿ, ನೋಡಿಕೊಡುತ್ತೇನೆ. ಒಂದು ಸುಲಭ ಉಪಾಯ ಹೇಳಿಕೊಡಿ: ಅಸಲು ಸೇರಿದ ದರದಿಂದ 100ನ್ನು ಭಾಗಿಸಿದರೆ, ನೂರಕ್ಕೆ ಎಷ್ಟು ಸಲ ಗೆದ್ದರೆ ಅಸಲಾದರೂ ಉಳಿಯುತ್ತದೆ ಅನ್ನುವುದು ಸಿಗುತ್ತದೆ. 1.90 ಆದರೆ 52.6. ಸರಿಸಮ ತಂಡಗಳ ಆಟದಲ್ಲಿ ನೂರಕ್ಕೆ ಐವತ್ತು ಸಲ ಗೆದ್ದರೂ ಸೋತ ಹಾಗೆಯೇ.

ಸ. ಪಾ., ಕಲಬುರಗಿ:

ಕೊನೆಯ ಕರಡು ಇದು. ಕೋಷ್ಟಕದ ಮನೆಗಳಲ್ಲಿ ಜಾಗ ಸಾಲಲಿಲ್ಲ, ಅದಕ್ಕೆ ಸಾಲು ಸಾಲಾಗಿ ಬರೆದೆ.

ಬೆಟ್ಟಿಂಗ್ ದರ ಓದುವುದು ಹೇಗೆ?
5/2 ಅಂದರೆ ಎರಡಕ್ಕೆ ಐದು, ಅಸಲು ಬಿಟ್ಟು.
+250 ಅಂದರೆ ನೂರಕ್ಕೆ ಇನ್ನೂರೈವತ್ತು, ಅಸಲು ಬಿಟ್ಟು.
3.50 ಅಂದರೆ ಒಂದಕ್ಕೆ ಮೂರೂವರೆ, ಅಸಲು ಸೇರಿ.
ಮೂರೂ ಒಂದೇ. ನೂರಕ್ಕೆ 28.6 ಸಲ ಗೆದ್ದರೆ ಹಾಕಿದ್ದು ಹಾಕಿದಷ್ಟೇ ಉಳಿಯುತ್ತದೆ.

ನಾ. ಸಾರ್, ಒಮ್ಮೆ ನೋಡಿ. ನಾಲ್ಕು ಗಂಟೆಗೆ ಪೆನ್‌ಡ್ರೈವ್ ತೆಗೆದುಕೊಂಡು ಹೊರಡುತ್ತೇನೆ.

ನಾ., ಮೈಸೂರು:

ಲೆಕ್ಕ ಸರಿಯಿದೆ. −250ರ ಸಾಲು ಬಿಟ್ಟುಹೋಗಿದೆ, ಸೇರಿಸಿ: ಇನ್ನೂರೈವತ್ತಕ್ಕೆ ನೂರು, ಅಸಲು ಬಿಟ್ಟು. ಅಂದರೆ 1.40.