ಹಳೇಬೀಡಿನಿಂದ ಗೋಕರ್ಣಕ್ಕೆ ಸ್ವಂತ ಕಾರಲ್ಲಿ 6 ದಿನ: ಯಾವ ಘಾಟಿ ಇಳಿಯೋದು, ಯಾವುದು ಹತ್ತೋದು?

ಪ್ರಶ್ನೆ: ಮೂರನೇ_ಗೇರ್

ಜನವರಿ ಎರಡನೇ ವಾರ ಬೆಂಗಳೂರಿನಿಂದ ಹೊರಡುವ ಯೋಜನೆ. 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್ ಗೇರ್. ನಾವಿಬ್ಬರು, 9 ವರ್ಷದ ಮಗ, 65 ದಾಟಿದ ಅಪ್ಪ ಅಮ್ಮ. ಅಮ್ಮನಿಗೆ ಮಂಡಿನೋವು.

ಅಂದುಕೊಂಡಿರೋ ದಾರಿ: ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಮೂಡುಬಿದಿರೆ, ಕಾರ್ಕಳ, ಉಡುಪಿ, ಮುರುಡೇಶ್ವರ, ಮಿರ್ಜಾನ್, ಗೋಕರ್ಣ, ಶಿರಸಿ, ಬನವಾಸಿ, ವಾಪಸ್. ಕರಾವಳಿಗೆ ಶಿರಾಡಿಯಲ್ಲಿ ಇಳಿಯಬೇಕೋ ಚಾರ್ಮಾಡಿಯಲ್ಲೋ? ಘಾಟಿ ಓಡಿಸಿ ಅಭ್ಯಾಸ ಕಮ್ಮಿ. ಇದೇ ಗಾಡಿ ಸಾಕೋ ಅಥವಾ 7 ಸೀಟಿನದು ಬಾಡಿಗೆಗೆ ತಗೊಳ್ಳಲೋ?

ಉತ್ತರ 1: ಜಗತಿ_ಮೇಲೆ

ಮೊದಲ ದಿನವೇ ಎಡವುತ್ತಿದ್ದೀರಿ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲು, ಬರಿಗಾಲಲ್ಲೇ ಹತ್ತಬೇಕು. ಹತ್ತು ಗಂಟೆ ದಾಟಿದರೆ ಬಂಡೆ ಕಾಯುತ್ತದೆ. ಮಂಡಿನೋವಿನವರಿಗೆ ಡೋಲಿ ಸಿಗುತ್ತದೆ, ಆದರೂ ಇಳಿಯುವ ಹೊತ್ತಿಗೆ ಅರ್ಧ ದಿನ ಹೋಗಿರುತ್ತದೆ. ಗೊಮ್ಮಟನನ್ನು ನೋಡಲೇಬೇಕೆಂದಿದ್ದರೆ ನಿಮ್ಮ ದಾರಿಯಲ್ಲೇ ವೇಣೂರು ಸಿಗುತ್ತದೆ. 1604ರಲ್ಲಿ ನಿಲ್ಲಿಸಿದ 35 ಅಡಿಯ ಮೂರ್ತಿ, ಫಲ್ಗುಣಿ ನದಿಯ ದಡದ ಸಮತಟ್ಟು ಜಾಗದಲ್ಲಿದೆ, ಬೆಟ್ಟ ಹತ್ತುವ ಕಷ್ಟ ಇಲ್ಲ. ಅಲ್ಲಿಂದ ಮುಂದೆ ಕಾರ್ಕಳದ್ದು 42 ಅಡಿ, 1432ರದ್ದು, ಬಂಡೆಗುಡ್ಡದ ಮೇಲೆ. ಶ್ರವಣಬೆಳಗೊಳವನ್ನು ಬೇರೊಂದು ಭಾನುವಾರಕ್ಕೆ ಇಟ್ಟುಕೊಳ್ಳಿ.

ಹಳೇಬೀಡಿಗೆ ಮಧ್ಯಾಹ್ನ ಮೂರರ ಮೇಲೆ ಹೋಗಿ. ದೇವಸ್ಥಾನ ಪೂರ್ವಕ್ಕೆ ಮುಖ ಮಾಡಿದೆ, ದೊಡ್ಡ ವಿಗ್ರಹಗಳ ಸಾಲು ಹಿಂದಿನ ಗೋಡೆಯಲ್ಲಿದೆ. ಬೆಳಿಗ್ಗೆ ಆ ಗೋಡೆ ಪೂರ್ತಿ ನೆರಳು. ಪಡುವಣ ಬಿಸಿಲು ಓರೆಯಾಗಿ ಬಿದ್ದಾಗಲೇ ಬಳಪದ ಕಲ್ಲಿನ ಕೆತ್ತನೆ ಎದ್ದು ಕಾಣೋದು. ರಾತ್ರಿ 16 ಕಿ.ಮೀ. ಮುಂದೆ ಬೇಲೂರಲ್ಲಿ ಉಳಿದು, ಬೆಳಿಗ್ಗೆ ಜಗತಿಯ (ಗುಡಿ ನಿಂತಿರುವ ಎತ್ತರದ ಕಟ್ಟೆ) ಕಲ್ಲು ತಂಪಿರುವಾಗಲೇ ಚೆನ್ನಕೇಶವನನ್ನು ನೋಡಿ ಹೊರಡಿ. ಎಲ್ಲರಿಗೂ ಒಂದೊಂದು ಜೊತೆ ದಪ್ಪ ಕಾಲುಚೀಲ ಇರಲಿ.

ಉತ್ತರ 2: ಇಳಿಜಾರು

ಬೇಲೂರಿನಿಂದ ಹೊರಡುವವರಿಗೆ ಚಾರ್ಮಾಡಿಯೇ ನೇರ: ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಬೆಳ್ತಂಗಡಿ, ವೇಣೂರು, ಮೂಡುಬಿದಿರೆ. ಶಿರಾಡಿ ಹಿಡಿದರೆ ಸಕಲೇಶಪುರಕ್ಕೆ ಬಳಸಬೇಕು, ಮಂಗಳೂರು ಬಂದರಿನ ಲಾರಿಗಳೆಲ್ಲ ಅಲ್ಲೇ ಓಡಾಡುತ್ತವೆ. ಚಾರ್ಮಾಡಿ ಕಿರಿದು, ತಿರುವು ಜಾಸ್ತಿ, ಆದರೆ ಭಾರೀ ವಾಹನಗಳ ಕಾಟ ಕಮ್ಮಿ. ಮೂಡಿಗೆರೆಯಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ಬೆಳಿಗ್ಗೆ 9ರ ಮೇಲೆ ಘಾಟಿಗೆ ಇಳಿದರೆ ಮಂಜು ಕರಗಿರುತ್ತದೆ. ಮಂಜಿದ್ದರೆ ಲೋ ಬೀಮ್, ಹೈ ಬೀಮ್ ಬೇಡ, ಬಿಳಿ ಗೋಡೆ ಎದುರು ನಿಂತ ಹಾಗಾಗುತ್ತದೆ. ನಾಲ್ಕೂ ಇಂಡಿಕೇಟರ್ ಮಿಟುಕಿಸಿಕೊಂಡು ಓಡಿಸೋದೂ ಬೇಡ, ನೀವು ಎತ್ತ ತಿರುಗುತ್ತೀರಿ ಅಂತ ಹಿಂದಿನವನಿಗೆ ಗೊತ್ತಾಗಲ್ಲ.

ಹೊಸಬರು ಕೆಡಿಸಿಕೊಳ್ಳೋದು ಬ್ರೇಕ್‌ನಲ್ಲಿ. ಐದು ಜನ, ಡಿಕ್ಕಿ ತುಂಬ ಸಾಮಾನು. ಅದನ್ನೆಲ್ಲ ಪೆಡಲ್ ಒತ್ತಿಕೊಂಡೇ ಇಳಿಸಿದರೆ ಪ್ಯಾಡ್, ಡಿಸ್ಕ್ ಕಾದು ಹಿಡಿತ ತಪ್ಪುತ್ತದೆ. ಬ್ರೇಕ್ ಆಯಿಲ್ ಹಳೆಯದಾಗಿದ್ದರೆ ಅದರಲ್ಲಿ ಸೇರಿರುವ ನೀರಿನಂಶ ಕುದಿದು ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಬದಲಾಯಿಸಿ ಎರಡು ವರ್ಷ ಆಗಿದ್ದರೆ ಹೊರಡುವ ಮೊದಲೇ ಬದಲಿಸಿ. ಇಳಿಯುವಾಗ ಎರಡನೇ ಗೇರ್, ಕಡಿದಾದ ಹೇರ್‌ಪಿನ್‌ಗೆ ಮೊದಲನೇದು. ಹಳೇ ಮಾತೇ ಸರಿ: ಹತ್ತೋಕೆ ಯಾವ ಗೇರ್ ಬೇಕೋ ಇಳಿಯೋಕೂ ಅದೇ. ಎಂಜಿನ್ 3000 ಆರ್‌ಪಿಎಂ ತನಕ ಕೂಗಿಕೊಂಡರೂ ಚಿಂತೆ ಇಲ್ಲ. ತಿರುವಿಗೆ ಮೊದಲೇ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಟ್ಟು, ಆಮೇಲೆ ತಿರುಗಿಸಿ. ನ್ಯೂಟ್ರಲ್‌ನಲ್ಲಿ, ಕ್ಲಚ್ ಒತ್ತಿಕೊಂಡು ಜಾರಿಸೋದು ಕೂಡದು.

ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ, ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಅರ್ಧ ಗಂಟೆ ಆರಲಿ. ಹ್ಯಾಂಡ್ ಬ್ರೇಕ್ ಎಳೆಯಬೇಡಿ. ನೀರು ಎರಚಲೂ ಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ. ನಿಂತಾಗ ಗಾಜು ಏರಿಸಿಕೊಳ್ಳಿ, ಕೋತಿಗಳಿವೆ.

ಹತ್ತುವ ಗಾಡಿಗೆ ದಾರಿ ಬಿಡಬೇಕು ಅನ್ನೋದು ನಿಯಮವೂ ಹೌದು. ಬಸ್ಸು ಹೇರ್‌ಪಿನ್‌ನಲ್ಲಿ ಇಡೀ ರಸ್ತೆ ಬಳಸುತ್ತದೆ. ಎದುರಿಂದ ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ನಿಲ್ಲಿ, ಒಳಗೆ ಸಿಕ್ಕಿಕೊಂಡ ಮೇಲೆ ಹಿಂದಕ್ಕೆ ತೆಗೆಯೋದು ಕಷ್ಟ.

ಟಯರ್‌ಗೆ ಗಾಳಿ ಎಷ್ಟು ಅಂತ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿ, ಇಲ್ಲದಿದ್ದರೆ ಕಾರಿನ ಪುಸ್ತಕದಲ್ಲಿ ಇರುತ್ತದೆ. ಪೂರ್ತಿ ಭಾರಕ್ಕೆ ಬೇರೆ ಅಂಕಿ ಕೊಟ್ಟಿರುತ್ತಾರೆ. ಟಯರ್ ತಣ್ಣಗಿದ್ದಾಗ ತುಂಬಿಸಿ. ಸ್ಟೆಪ್ನಿಗೂ!

ಉತ್ತರ 3: ಪಡುಗಾಳಿ

ಘಾಟಿ ಇಳಿದ ಕೂಡಲೆ ನಿಶ್ಚಿಂತೆ ಅಂದ್ಕೊಳ್ಬೇಡಿ ಮಾರಾಯ್ರೆ. ಹೆದ್ದಾರಿ 66 ಅಗಲ ಉಂಟು, ಅದೇ ತೊಂದರೆ. ಡಿವೈಡರ್ ಸಂದಿಯಿಂದ ಸ್ಕೂಟರ್ ಫಕ್ಕನೆ ಬರ್ತದೆ, ಎದುರಿಂದ ರಾಂಗ್ ಸೈಡಲ್ಲೂ ಬರ್ತದೆ. ಮೀನಿನ ಲಾರಿಯಿಂದ ಸೋರುವ ನೀರಿಗೆ ರಸ್ತೆ ಜಾರ್ತದೆ, ಅದರ ಬಾಲ ಹಿಡಿದು ಹೋಗ್ಬೇಡಿ. 80ರ ಮೇಲೆ ಬೇಡ, ಕತ್ತಲಾದ ಮೇಲೆ ಬೇಡವೇ ಬೇಡ. ಜನವರಿಯಲ್ಲಿ ಆರೂಕಾಲರ ಆಸುಪಾಸು ಸೂರ್ಯ ಮುಳುಗ್ತಾನೆ.

ದಿನ ನೋಡಿ ಹೊರಡಿ. ಮಕರ ಸಂಕ್ರಾಂತಿ ಹೊತ್ತಿಗೆ ಉಡುಪಿಯಲ್ಲಿ ಉತ್ಸವದ ಜನ. ಎರಡು ವರ್ಷಕ್ಕೊಮ್ಮೆ, ಸಮಸಂಖ್ಯೆಯ ಇಸವಿಯಲ್ಲಿ, ಜನವರಿ 18ಕ್ಕೆ ಪರ್ಯಾಯ (ಕೃಷ್ಣ ಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ); ಆಗ ರೂಮೂ ಇಲ್ಲ, ಕಾರಿಗೆ ಜಾಗವೂ ಇಲ್ಲ. ಇಸವಿ ಅದಾದರೆ ತಿಂಗಳ ಕೊನೆಗೆ ಹಾಕಿಕೊಳ್ಳಿ.

ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಎಲ್ಲರೂ ಅಲ್ಲೇ ಗಕ್ಕನೆ ನಿಲ್ಲಿಸೋದು, ಹಿಂದಿನವ ಬಂದು ಗುದ್ದೋದು. ಪೂರ್ತಿ ರಸ್ತೆ ಬಿಟ್ಟು ನಿಲ್ಲಿಸಿ, ಆದರೆ ಒಣ ಹೊಯಿಗೆಗೆ (ಮರಳಿಗೆ) ಇಳಿಸ್ಬೇಡಿ. ಹೂತರೆ ಆಕ್ಸಿಲೇಟರ್ ಒತ್ತಿದಷ್ಟೂ ಕೆಳಗೆ. ಜನ ಇಳೀರಿ, ಸ್ಟೇರಿಂಗ್ ನೇರ ಮಾಡಿ, ಮುಂದಿನ ಚಕ್ರದ ಎದುರಿನ ಹೊಯಿಗೆ ತೆಗೆದು ಕಾಲಡಿಯ ಮ್ಯಾಟ್ ಕೊಡಿ, ಎರಡನೇ ಗೇರಲ್ಲಿ ಕ್ಲಚ್ ಮೆಲ್ಲ ಬಿಡಿ. ಆಗದಿದ್ದರೆ ಟಯರ್ ಗಾಳಿ 18–20 ಪಿಎಸ್‌ಐಗೆ ಇಳಿಸಿ. ಮೇಲೆ ಬಂದ ಕೂಡಲೆ ಹತ್ತಿರದ ಪಂಪಲ್ಲಿ ತುಂಬಿಸಿ. ಹಾಂ, ತೆಂಗಿನ ಮರದಡಿ ಪಾರ್ಕಿಂಗ್ ಮಾಡಿ ಗಾಜು ಒಡೆದರೆ ಮರವನ್ನು ಬೈದು ಪ್ರಯೋಜನ ಇಲ್ಲ.

ಮನೆ ಮುಟ್ಟಿದ ಮೇಲೆ ಅಡಿಭಾಗಕ್ಕೆ ಸಿಹಿನೀರು ಹೊಡೆಸಿ. ಉಪ್ಪು ಕೂತಲ್ಲಿ ತುಕ್ಕು.

ಮೂರನೇ_ಗೇರ್

ಬ್ರೇಕ್ ಆಯಿಲ್ ಬದಲಾಯಿಸಿದೆ ಸಾರ್, ಶ್ರವಣಬೆಳಗೊಳ ಕೈಬಿಟ್ಟೆ. ವಾಪಸ್ ದಾರಿ, ಬಾಡಿಗೆ ಗಾಡಿ ಬಗ್ಗೆಯೂ ಹೇಳಿ.

ಉತ್ತರ 4: ಇಳಿಜಾರು

ಬಾಡಿಗೆಗೆ ತಗೊಂಡರೆ ಕಪ್ಪು ಹಲಗೆ, ಹಳದಿ ಅಕ್ಷರದ ನಂಬರ್ ಪ್ಲೇಟೇ ಇರಬೇಕು. ಬಿಳಿ ಬೋರ್ಡಿನ ಖಾಸಗಿ ಕಾರನ್ನು ಬಾಡಿಗೆಗೆ ಕೊಡೋದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆ ಕೈ ಎತ್ತುತ್ತದೆ. ಕೀ ತಗೊಳ್ಳುವಾಗ ನಾಲ್ಕೂ ಬದಿಯ ಗೀರು, ಸ್ಟೆಪ್ನಿ, ಜಾಕ್, ಕಿಲೋಮೀಟರ್ ಎಲ್ಲ ವಿಡಿಯೊ ಮಾಡಿ. ಐದು ಜನಕ್ಕೆ ನಿಮ್ಮ ಕಾರೇ ಸಾಕು ಅನ್ನುತ್ತೇನೆ. ಕೈ ಪಳಗಿದ ಗಾಡಿ ಘಾಟಿಯಲ್ಲಿ ವಾಸಿ. ಹತ್ತುವಾಗ ಎಂಜಿನ್ ಏದುಸಿರು ಬಿಟ್ಟರೆ ಎ.ಸಿ. ಆರಿಸಿ, ಒಂದು ಗೇರ್ ಇಳಿಸಿ.

ವಾಪಸ್ಸಿಗೆ ಕುಮಟಾ–ಶಿರಸಿ ದೇವಿಮನೆ ಘಾಟಿ ಹತ್ತಿರದ್ದು, ಆದರೆ ಅಗಲೀಕರಣದ ಕೆಲಸಕ್ಕೆ ಆಗಾಗ ಮುಚ್ಚಿದ ದಾರಿ ಅದು. ಹಿಂದಿನ ದಿನ ಗೋಕರ್ಣದಲ್ಲಿ ಬಸ್ಸಿನವರನ್ನು ಕೇಳಿ. ಮುಚ್ಚಿದ್ದರೆ ಹೊನ್ನಾವರಕ್ಕೆ ಹಿಂದಿರುಗಿ ಗೇರುಸೊಪ್ಪೆ, ಮಾವಿನಗುಂಡಿ, ಸಾಗರ.

ಉತ್ತರ 5: ಜಗತಿ_ಮೇಲೆ

ಹಾಗೆ ಸಾಗರಕ್ಕೆ ಬಂದರೆ ಬನವಾಸಿ ಬಿಟ್ಟು ಇಕ್ಕೇರಿಯ ಅಘೋರೇಶ್ವರ, ಕೆಳದಿಯ ರಾಮೇಶ್ವರ ನೋಡಿ. ಎರಡೂ ಸಾಗರದ ಪಕ್ಕದಲ್ಲೇ. ಕೆಳದಿಯಲ್ಲಿ ತಲೆ ಎತ್ತಿ ನೋಡಿ, ಚಾವಣಿಯಲ್ಲಿ ಗಂಡಭೇರುಂಡ ಇದೆ. ಜೋಗ ಪಕ್ಕದಲ್ಲೇ ಇದ್ದರೂ ಜನವರಿಯಲ್ಲಿ ನೀರು ಹೆಚ್ಚಿರಲ್ಲ, ಅದಕ್ಕಾಗಿ ಹೊತ್ತು ಕಳೆಯಬೇಡಿ. ಆ ರಾತ್ರಿ ಸಾಗರದಲ್ಲಿ ಉಳಿಯಿರಿ. ಬೆಂಗಳೂರಿಗೆ ಶಿವಮೊಗ್ಗ, ಅರಸೀಕೆರೆ, ತುಮಕೂರು ಮೇಲೆ ಸುಮಾರು 370 ಕಿ.ಮೀ. ಬೆಳಿಗ್ಗೆ ಏಳಕ್ಕೆ ಬಿಟ್ಟರೆ ನೆಲಮಂಗಲದ ಸಂಜೆಯ ಜಂಗುಳಿಗೆ ಸಿಗಲ್ಲ.