ಅಪ್‌ಡೇಟ್: ಗೌರಿಬಿದನೂರು ಕಡೆ ಹೋಗಲಾ ಅಂತ ಕೇಳಿದ್ದೆ, ಹೋದೆ

ಸರ್ಕಾರದ ಕೈ ಕಡಿಮೆ ಇರಲಿ, ನಮ್ಮ ಬದುಕು ನಮ್ಮ ಜವಾಬ್ದಾರಿ ಎನ್ನುವ ಕೆಲವು ಕುಟುಂಬಗಳು ಗೌರಿಬಿದನೂರು ತಾಲೂಕಿನ ಹಳ್ಳಿಯೊಂದರಲ್ಲಿ ನೆಲೆಸುತ್ತಿವೆ, ಬೆಂಗಳೂರು ಬಿಟ್ಟು ನಾನೂ ಸೇರಲಾ ಎಂದು ಕೇಳಿದ್ದೆ. ಸೇರಿದ್ದೇನೆ. ಸದ್ಯಕ್ಕೆ ಬಾಡಿಗೆ ಮನೆ.

"ಜಮೀನು ಯಾರ ಹೆಸರಲ್ಲಿ?" ಎಂದು ತುಂಬಾ ಜನ ಕೇಳಿದ್ದಿರಿ. ಒಳ್ಳೇ ಪ್ರಶ್ನೆ. ಕರ್ನಾಟಕ ಭೂ ಸುಧಾರಣಾ ಕಾಯ್ದೆಗೆ ಆದ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಇಲ್ಲಿ ಕೃಷಿ ಜಮೀನು ಕೊಳ್ಳಬಹುದು. ಆದರೆ ಎಲ್ಲರೂ ಒಂದೇ ಪಹಣಿಯಲ್ಲಿ ಜಂಟಿಯಾಗಿ ಇರೋಣ ಎಂಬ ಯೋಚನೆಗೆ ನಾನು ಒಪ್ಪಲಿಲ್ಲ. ಸ್ವಂತ ಆಸ್ತಿಯ ಹಕ್ಕೇ ನಮ್ಮ ನಂಬಿಕೆಯ ಬುಡ ಅಲ್ವಾ? 11ಇ ನಕ್ಷೆ (ಜಮೀನನ್ನು ಭಾಗ ಮಾಡಿ ತೋರಿಸುವ ಸರ್ವೆ ನಕ್ಷೆ) ಮಾಡಿಸಿ ನನ್ನ ಪಾಲನ್ನು ಬೇರೆಯಾಗಿ ನೋಂದಾಯಿಸಿದೆ. ಉಳಿದವರೂ ಈಗ ಹಾಗೇ ಮಾಡಿಸುತ್ತಿದ್ದಾರೆ.

ಜಾಸ್ತಿ ಚರ್ಚೆ ಆಗಿದ್ದು ನೀರಿನ ಬಗ್ಗೆ. ನದಿ ನಾಲೆ ಆಸರೆ ಇಲ್ಲದ ಸೀಮೆ, ಸಾವಿರ ಅಡಿ ಕೊರೆದರೂ ನೀರು ಸಿಗದ ಜಾಗಗಳಿವೆ. ನನ್ನ ಜಮೀನಿನಲ್ಲಿ ನಾನು ಬೋರ್ ಹಾಕಿದರೆ ಪಕ್ಕದ ರೈತರ ಬೋರ್ ಬತ್ತಬಹುದು. ಆಗ ನನ್ನ ಸ್ವಾತಂತ್ರ್ಯ ಅವರಿಗೆ ನಷ್ಟ. ಕೊನೆಗೆ ಎಲ್ಲರಿಗೂ ಒಂದೇ ಬೋರ್, ಮನೆಗೊಂದು ಮೀಟರ್, ಬಳಸಿದಷ್ಟಕ್ಕೆ ದುಡ್ಡು ಎಂದು ಬರೆದು ಸಹಿ ಹಾಕಿದ್ದೇವೆ. ಯಾರೂ ಒತ್ತಾಯ ಮಾಡಲಿಲ್ಲ. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ಅಮೆರಿಕದ ಫ್ರೀ ಸ್ಟೇಟ್ ಪ್ರಾಜೆಕ್ಟ್ ಬಗ್ಗೆಯೂ ಕೇಳಿದ್ದಿರಿ. ಅದು 2001ರಲ್ಲಿ ಶುರುವಾಯಿತು. ನಮ್ಮ ಹಾಗೇ ಸರ್ಕಾರದ ಕೈ ಕಡಿಮೆ ಇರಲಿ ಎನ್ನುವ 20,000 ಜನರನ್ನು ನ್ಯೂ ಹ್ಯಾಂಪ್‌ಶೈರ್ ರಾಜ್ಯಕ್ಕೆ ಸೆಳೆಯುವುದು ಗುರಿ, ಹೋದವರಲ್ಲಿ ಕೆಲವರು ಚುನಾವಣೆ ಗೆದ್ದು ಶಾಸನಸಭೆಗೂ ಹೋದರು. ನಮಗೆ ಅಂಥ ಉದ್ದೇಶವಿಲ್ಲ. ಊರಿನವರು ಮೊದಲಿಂದ ಇಲ್ಲಿರುವವರು, ಗ್ರಾಮಸಭೆಯಲ್ಲಿ ಅವರ ಮಾತು ಮೊದಲು ಕೇಳುತ್ತೇವೆ. ಮನೆ ಕಟ್ಟುವ ಕೆಲಸ ಮಳೆಗಾಲ ಮುಗಿದ ಮೇಲೆ.